ಗುರುತು ಹಿಡೀತಾರಾ?

ಹಾಸಿಗೆ ಹಿಡಿದವರನ್ನು ನೋಡಲು ಹೋಗುವುದಕ್ಕೆ ನಮ್ಮ ಶಿವಮೊಗ್ಗದ ಕಡೆ ಒಂದು ಕ್ರಮವಿದೆ. ನಾಲ್ಕು ಮೋಸಂಬಿ, ಒಂದು ಪೊಟ್ಟಣ ಬ್ರೆಡ್ಡು, ಸ್ವಲ್ಪ ಧಾರಾಳಿಗಳಾದರೆ ಎಳನೀರು. ಚಪ್ಪಲಿ ಬಿಟ್ಟು ಒಳಗೆ ಬಂದು, ಮಂಚದ ಕಾಲ ಬುಡದಲ್ಲಿ ನಿಂತು, ಕಿವುಡರನ್ನು ಮಾತಾಡಿಸುವ ದನಿಯಲ್ಲಿ ಕೇಳುತ್ತಾರೆ: “ನಾನ್ಯಾರು ಹೇಳಿ ನೋಡಾಣ?” ನಮ್ಮತ್ತೆಯ ಕೊನೆಯ ವರ್ಷಗಳಲ್ಲಿ ಮನೆಗೆ ಬಂದವರೆಲ್ಲ ಈ ಮೌಖಿಕ ಪರೀಕ್ಷೆ ನಡೆಸಿಯೇ ಹೋಗುತ್ತಿದ್ದರು. ಅತ್ತೆ ಅವರನ್ನು ನೋಡುತ್ತಿದ್ದರು, ಇಲ್ಲವೇ ಅವರ ಹಿಂದಿನ ಕಿಟಕಿಯನ್ನು. ಪರೀಕ್ಷಕರು ನನ್ನ ಕಡೆ ತಿರುಗಿ, “ನಿನ್ನನ್ನಾದ್ರೂ ಗುರುತು ಹಿಡೀತಾರಾ?” ಎನ್ನುತ್ತಿದ್ದರು. ಹೂಂ ಅಂದರೆ ಸಣ್ಣ ಅಸೂಯೆ, ಇಲ್ಲ ಅಂದರೆ ದೊಡ್ಡ ಮರುಕ. ಎರಡೂ ಬೇಡವೆಂದು ನಾನು ಕಾಫಿ ಮಾಡಲು ಒಳಗೆ ಹೋಗುತ್ತಿದ್ದೆ.

ಮರೆವಿನ ಕಾಯಿಲೆ ಎಂದ ಮೇಲೆ ಮರೆವನ್ನೇ ವಿಚಾರಿಸುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಮೊದಮೊದಲು ನಮಗೂ ಅದೇ ದೊಡ್ಡದಾಗಿತ್ತು. ಹಾಲುಕ್ಕಿ ಒಲೆ ಆರಿ ಮನೆಯೆಲ್ಲ ಗ್ಯಾಸಿನ ವಾಸನೆ, ಬಳೆ ಕದ್ದವಳೆಂಬ ಬಿರುದು ನನಗೆ, ದೀಪ ಹಚ್ಚುವ ಹೊತ್ತಾದರೆ ಚೀಲಕ್ಕೆ ಎರಡು ಸೀರೆ ತುರುಕಿಕೊಂಡು “ನಾನಿನ್ನು ಮನೆಗೆ ಹೊರಡ್ತೀನಿ” ಎಂದು ಬಾಗಿಲಲ್ಲಿ ನಿಲ್ಲುವುದು. 2016ರಲ್ಲಿ ಬಂದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತ್ ನಾಗ್ ಮಾಡಿದ್ದು ಇಂಥ ಹಂತದಲ್ಲಿ ಕಾಣೆಯಾಗುವವರ ಪಾತ್ರವನ್ನೇ. ಕಾಣೆಯಾಗುವುದಕ್ಕೂ ಕಾಲಲ್ಲಿ ಕಸುವಿರಬೇಕು. ಅದರ ಮುಂದಿನ ಹಂತ ಸಿನಿಮಾದವರಿಗೆ ಅಷ್ಟಾಗಿ ಒದಗುವುದಿಲ್ಲ. ಅಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ.

ಆ ಹಂತಕ್ಕೆ ಬಂದಿದ್ದೇವೆಂದು ನನಗೆ ತಿಳಿದದ್ದು ಡಾಕ್ಟರು ನೆನಪಿನ ವಿಷಯ ಎತ್ತುವುದನ್ನೇ ಬಿಟ್ಟಾಗ. ಊಟ ಮುಗಿಯೋಕೆ ಎಷ್ಟು ಹೊತ್ತು ಬೇಕಾಗುತ್ತೆ? ನೀರು ಕುಡಿಯುವಾಗ ಕೆಮ್ಮು ಬರುತ್ತಾ? ಕುಡಿದ ಮೇಲೆ ಗಂಟಲು ಗೊರಗೊರ ಅನ್ನುತ್ತಾ? ತೂಕ ಇಳಿದಿದೆಯಾ? ದಿನಕ್ಕೆ ಎಷ್ಟು ಮಾತಾಡ್ತಾರೆ? ನೆನಪುಗಳನ್ನು ಕಟ್ಟಿಡುವ ಜಾಗದಲ್ಲಿ ಶುರುವಾದ ಕಾಯಿಲೆ ಮಿದುಳನ್ನೆಲ್ಲ ಆವರಿಸಿ, ನಡೆಯುವುದು ನುಂಗುವುದರವರೆಗೂ ಬರುತ್ತದೆ. ಮೊದಲು ಮಾತು ಐದಾರು ಪದಕ್ಕೆ ಇಳಿಯುತ್ತದೆ, ಆಮೇಲೆ ಒಂದೇ ಪದಕ್ಕೆ. ನಡಿಗೆ ಹೋಗುತ್ತದೆ. ಆನಿಕೆಯಿಲ್ಲದೆ ಕೂರಲಾಗುವುದಿಲ್ಲ. ನಗು ಹೋಗುತ್ತದೆ. ಕಡೆಗೆ ಕತ್ತು ನಿಲ್ಲುವುದಿಲ್ಲ. ಅತ್ತೆಗೆ ಉಳಿದ ಒಂದೇ ಪದ ‘ಆಯ್ತು’. ಹಸಿವಾ ಅಂದರೂ ಆಯ್ತು, ನೋವಾ ಅಂದರೂ ಆಯ್ತು. ಕೂಡುಕುಟುಂಬಕ್ಕೆ ಸೊಸೆಯಾಗಿ ಬಂದ ದಿನದಿಂದ ಎಲ್ಲರಿಗೂ ಅದನ್ನೇ ಹೇಳಿ ರೂಢಿಯಾದ ಹೆಂಗಸು.

ಇದನ್ನು ನೋಡಿದವರು “ಪಾಪ, ಮಗು ಹಾಗಾಗಿದಾರೆ” ಎನ್ನುತ್ತಾರೆ. ಮಗು ಕಲಿತ ಕ್ರಮವನ್ನೇ ತಿರುವುಮುರುವಾಗಿ ಈ ಕಾಯಿಲೆ ಕಳೆಯುತ್ತದೆಂದು ವೈದ್ಯರೂ ಹೇಳುತ್ತಾರೆ. ಆದರೂ ನನಗೆ ಆ ಮಾತು ಹಿಡಿಸುವುದಿಲ್ಲ. ಮಗು ಅಂದುಕೊಂಡ ಕೂಡಲೇ ಬಾಗಿಲು ತೆರೆದಿಟ್ಟೇ ಬಟ್ಟೆ ಬದಲಾಯಿಸುತ್ತೇವೆ, ಅವರೆದುರೇ ಅವರ ಮಲಮೂತ್ರದ ವರದಿ ಒಪ್ಪಿಸುತ್ತೇವೆ. ಕೈಕಾಲು ಸರಿಯಾಗಿ ಬಗ್ಗದಂತಾದ ಮೇಲೆ ಅತ್ತೆಗೆ ಸೀರೆ ಉಡಿಸಲಾಗದೆ, ಹಿಂದುಗಡೆ ಸೀಳಿ ದಾರ ಕಟ್ಟಿದ ನೈಟಿ ಹಾಕುತ್ತಿದ್ದೆವು. ಗಂಡಸರು ಯಾರಾದರೂ ಕೋಣೆಗೆ ಬಂದರೆ ಅತ್ತೆಯ ಬಲಗೈ ನಿಧಾನಕ್ಕೆ ಎದ್ದು ಎಡ ಹೆಗಲಿನ ಮೇಲೆ ತಡಕಾಡುತ್ತಿತ್ತು. ಅಲ್ಲಿರದ ಸೆರಗನ್ನು ಎಳೆದುಕೊಳ್ಳಲು. ಬಂದವನು ಹೆತ್ತ ಮಗನೆಂಬುದು ತಿಳಿಯದು, ಗಂಡಸೆಂಬುದು ತಿಳಿಯುತ್ತದೆ. ನಾನೊಂದು ಹಳೆಯ ಮಗ್ಗದ ಸೀರೆ ಹರಿದು, ಹೆಗಲ ಮೇಲೆ ಬರುವ ಹಾಗೆ ಹೊದೆಸಿದೆ. ಕೈ ಅದನ್ನು ಹಿಡಿದುಕೊಂಡು ಸುಮ್ಮನಾಯಿತು.

ಇನ್ನು ಊಟ. ದಿನದ ಅರ್ಧ ಅದರಲ್ಲೇ ಹೋಗುತ್ತಿತ್ತು. ಗಂಟಲು ಮುಚ್ಚಿಕೊಳ್ಳುವ ವೇಗ ಕಮ್ಮಿಯಾದವರಿಗೆ ಅನ್ನಕ್ಕಿಂತ ನೀರು ಅಪಾಯ. ತೆಳ್ಳಗಿನದು ಗಂಟಲು ಸಿದ್ಧವಾಗುವ ಮೊದಲೇ ಇಳಿದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಮಾಡುತ್ತದೆ. ಈ ಕಾಯಿಲೆಯವರಲ್ಲಿ ಬಹಳಷ್ಟು ಮಂದಿಯ ಕೊನೆಗೆ ಕಾರಣ ಅದೇ. ಹಾಗಾಗಿ ಕುಡಿಯುವುದನ್ನೂ ಮಂದ ಮಾಡಬೇಕು: ಚಮಚೆಯಿಂದ ಧಾರೆಯಾಗಿ ಬೀಳದೆ ತೊಟ್ಟಾಗಿ ಬೀಳುವ ರಾಗಿ ಅಂಬಲಿಯ ಹದ. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಎದೆಯ ಕಡೆ ಬಾಗಿಸಿ, ಎದುರು ಕೂತು ಅರ್ಧ ಚಮಚೆ ಕೊಡಬೇಕು. ಗಂಟಲ ಗುಳ್ಳೆ ಮೇಲೇರಿ ಇಳಿಯಿತೇ ನೋಡಿ ಮುಂದಿನದು. ಅತ್ತೆ ಕೆಲವೊಮ್ಮೆ ಬಾಯಿ ತೆರೆಯುತ್ತಿರಲಿಲ್ಲ, ಖಾಲಿ ಚಮಚೆಯನ್ನು ಕೆಳದುಟಿಗೆ ತಾಗಿಸಿದರೆ ತೆರೆಯುತ್ತಿದ್ದರು. ಕೆಲವೊಮ್ಮೆ ತುತ್ತು ದವಡೆಯಲ್ಲೇ ಕೂತಿರುತ್ತಿತ್ತು. ಮಲಗಿಸುವ ಮುಂಚೆ ಕೆನ್ನೆಯೊಳಗೆ ಬೆರಳಾಡಿಸಿ ತೆಗೆಯಬೇಕು. ಉಂಡ ಮೇಲೆ ಅರ್ಧ ಗಂಟೆ ಕೂತೇ ಇರಬೇಕು. ಟೀವಿ ಬಂದ್. ಈ ಶಿಸ್ತಿಗೆ ಮನೆಯ ಗಂಡಸರು ಮೊದಮೊದಲು ನಕ್ಕರು, ಕೆಮ್ಮು ಕಮ್ಮಿಯಾದ ಮೇಲೆ ಅವರೇ ರಿಮೋಟ್ ಬಚ್ಚಿಡತೊಡಗಿದರು.

ಊಟ ತೀರ ಇಳಿದಾಗ ಪುಣೆಯಿಂದ ನಾದಿನಿ ವಿಡಿಯೋ ಕಾಲ್ ಮಾಡಿ ಅತ್ತಳು. “ಅತ್ತಿಗೆ, ಮೂಗಿಗೆ ನಳಿಗೆ ಹಾಕಿಸಿ. ಅಮ್ಮನ್ನ ಉಪವಾಸ ಕೆಡವೋದಾ?” ಹಸಿದವರಿಗೆ ಅನ್ನವಿಕ್ಕುವುದೇ ಧರ್ಮವೆಂದು ಬೆಳೆದ ನಮಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಆದರೆ ಡಾಕ್ಟರು ಹೇಳಿದ್ದು ಬೇರೆ. ಈ ಹಂತದಲ್ಲಿ ನಳಿಗೆಯಿಂದ ಆಯಸ್ಸು ಹೆಚ್ಚಿದ್ದಕ್ಕೆ ಪುರಾವೆಯಿಲ್ಲ, ನ್ಯುಮೋನಿಯಾವೂ ತಪ್ಪುವುದಿಲ್ಲ. ಏಕೆಂದರೆ ಸ್ವಂತ ಎಂಜಲು, ಹೊಟ್ಟೆಯಿಂದ ಮೇಲೆ ಬಂದದ್ದು ಹೇಗಿದ್ದರೂ ಶ್ವಾಸಕೋಶ ಸೇರುತ್ತದೆ. ನಳಿಗೆಯನ್ನು ಅವರು ಕಿತ್ತು ಹಾಕುತ್ತಾರೆ, ಕೀಳದಿರಲೆಂದು ಕೈ ಕಟ್ಟಬೇಕಾಗುತ್ತದೆ. ಅಮೆರಿಕನ್ ಜೀರಿಯಾಟ್ರಿಕ್ಸ್ ಸೊಸೈಟಿ 2014ರಲ್ಲೇ ಇಂಥವರಿಗೆ ನಳಿಗೆ ಬೇಡ, ಜತನದಿಂದ ಕೈಯಲ್ಲೇ ಉಣಿಸಿ ಎಂದು ಹೇಳಿದೆ. ದೇಹ ಮುಗಿಯುತ್ತಾ ಬಂದಾಗ ಹಸಿವು ಕಮ್ಮಿಯಾಗುತ್ತದೆಯೇ ಹೊರತು ಊಟವಿಲ್ಲದ್ದಕ್ಕೆ ದೇಹ ಮುಗಿಯುತ್ತಿರುವುದಲ್ಲ. ಇದನ್ನು ಫೋನಿನಲ್ಲಿ ಹೇಳಿ ಒಪ್ಪಿಸಲಾಗಲಿಲ್ಲ. ನಾದಿನಿ ಬಂದಳು, ಎರಡು ಹೊತ್ತು ತಾನೇ ಉಣಿಸಿದಳು. ಮೂರನೆಯ ಹೊತ್ತಿಗೆ ಐದು ಚಮಚೆಗೆ ನಿಲ್ಲಿಸಿ, “ಸಾಕು ಅಂತಿದಾಳೆ” ಅಂದಳು. ನಳಿಗೆಯ ಮಾತು ಮತ್ತೆ ಬರಲಿಲ್ಲ.

ಸಾಕು, ಬೇಕು, ನೋವು, ಚಳಿ ಎಲ್ಲವನ್ನೂ ಮೈಯಲ್ಲೇ ಓದಬೇಕು. ವೈದ್ಯರು ನೋಡುವುದೂ ಐದೇ ಸಂಗತಿ: ಉಸಿರು, ನರಳುವ ಸದ್ದು, ಮುಖ, ಮೈಯ ಬಿಗಿತ, ಸಮಾಧಾನ ಮಾಡಿದರೆ ಆಗುತ್ತದೋ ಇಲ್ಲವೋ. ಸ್ನಾನಕ್ಕೆ ಎತ್ತಿದರೆ ಕಿರುಚುತ್ತಾರೆಂದರೆ ಹಟವೇ ಆಗಬೇಕಿಲ್ಲ, ಹೆಗಲು ನೋಯುತ್ತಿರಬಹುದು. ನಿನ್ನೆವರೆಗೆ ಸರಿಯಿದ್ದವರು ಇವತ್ತು ದಿಢೀರನೆ ಮಂಕಾದರೆ, ಇಲ್ಲವೇ ಚಡಪಡಿಸಿದರೆ, ಕಾಯಿಲೆ ಬೆಳೆಯಿತೆಂದು ಕೈಕಟ್ಟಿ ಕೂರುವಂತಿಲ್ಲ. ಉಚ್ಚೆಯ ಸೋಂಕೋ ಮಲಬದ್ಧತೆಯೋ ಇರುವುದುಂಟು, ಅದಕ್ಕೆ ಮದ್ದಿದೆ. ನಮ್ಮ ಮನೆಯಲ್ಲಿ ಇಷ್ಟನ್ನೂ ಚೆನ್ನಾಗಿ ಓದುತ್ತಿದ್ದಾಕೆ ಹಗಲು ನೋಡಿಕೊಳ್ಳಲು ಬರುತ್ತಿದ್ದ ಹೆಂಗಸು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. “ಅಮ್ಮೋರ ಹುಬ್ಬು ಗಂಟಾಗೈತೆ, ಮಗ್ಗಲು ತಿರುಗಸ್ರೀ” ಎನ್ನುತ್ತಿದ್ದಳು. ತಿರುಗಿಸಿದರೆ ಗಂಟು ಬಿಚ್ಚುತ್ತಿತ್ತು.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದನ್ನು ನಾನು ರಾತ್ರಿ ಅಲಾರಂ ಇಟ್ಟು ಪಾಲಿಸಿದ್ದಕ್ಕೆ ಒಂದು ಹಳೆಯ ಕಥೆಯೂ ಕಾರಣ. ಆಲೋಯ್ಸ್ ಆಲ್ಜೈಮರ್ ಎಂಬ ಜರ್ಮನ್ ವೈದ್ಯರು 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಆಗುಸ್ಟೆ ಡೆಟರ್ ಎಂಬ 51 ವರ್ಷದ ಹೆಂಗಸನ್ನು ಕಂಡರು. ಆಕೆ 1906ರಲ್ಲಿ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಕಂಡದ್ದೇ ಇಂದು ಅವರ ಹೆಸರಿನ ಕಾಯಿಲೆ. ಆ ಮಿದುಳಿನಲ್ಲಿ ಕಂಡ ಗಂಟುಗಳ, ಕಲೆಗಳ ಚಿತ್ರ ಎಲ್ಲ ಪುಸ್ತಕದಲ್ಲೂ ಇದೆ. ಆಕೆ ಸತ್ತದ್ದು ಹಾಸಿಗೆ ಹುಣ್ಣಿನ ನಂಜು ರಕ್ತಕ್ಕೇರಿ ಎಂಬುದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ನೂರು ವರ್ಷ ಕಳೆದರೂ ಕಾಯಿಲೆಗೆ ಗುಣವಿಲ್ಲ, ಹುಣ್ಣನ್ನಾದರೂ ತಡೆಯಬಹುದಲ್ಲ. ಬೆನ್ನ ಬುಡ, ಸೊಂಟದ ಮೂಳೆ, ಹಿಮ್ಮಡಿ, ಇವನ್ನು ದಿನಾ ನೋಡಬೇಕು. ಕೆಂಪಾಗುತ್ತದೆಂದು ಪುಸ್ತಕ ಹೇಳುತ್ತದೆ. ನಮ್ಮ ಕಪ್ಪು ಮೈಯಲ್ಲಿ ಕೆಂಪು ಸುಲಭಕ್ಕೆ ಕಾಣುವುದಿಲ್ಲ. ಮುಟ್ಟಿ ನೋಡಬೇಕು, ಸುತ್ತಲಿಗಿಂತ ಬಿಸಿಯೋ ಗಟ್ಟಿಯೋ ಇದ್ದರೆ ಅಲ್ಲೇ ಶುರು.

60 ದಾಟಿದವರಲ್ಲಿ ಡಿಮೆನ್ಷಿಯಾ ಎನ್ನುವ ಮರೆವಿನ ಕಾಯಿಲೆ ಇರುವವರು ಭಾರತದಲ್ಲಿ ಸುಮಾರು 88 ಲಕ್ಷ ಎಂದು 2023ರಲ್ಲಿ ಪ್ರಕಟವಾದ ಅಂದಾಜು. ಬಹುತೇಕ ಎಲ್ಲರೂ ಮನೆಯಲ್ಲೇ ಇದ್ದಾರೆ. ಅಂದರೆ ಅಷ್ಟೇ ಸಂಖ್ಯೆಯ ಸೊಸೆಯರು, ಹೆಂಡತಿಯರು, ಹೆಣ್ಣುಮಕ್ಕಳು ಚಮಚೆ ಹಿಡಿದು ಕೂತಿದ್ದಾರೆಂದೇ ಲೆಕ್ಕ. ಅವರ ಬೆನ್ನುನೋವನ್ನು ಯಾರೂ ಎಣಿಸುವುದಿಲ್ಲ. ನಿಮ್ಹಾನ್ಸ್ ಮುಂದಾಳತ್ವದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416, ಹಿರಿಯರ ಸಹಾಯವಾಣಿಗೆ 14567. ಕರೆ ಮಾಡಲು ಪುರುಸೊತ್ತು ಸಿಗಬೇಕೆಂದರೆ ಮಂಚದ ಹತ್ತಿರ ಬೇರೊಬ್ಬರು ಕೂರಬೇಕು. ಮೋಸಂಬಿ ತರುವವರು ಒಂದು ಮಧ್ಯಾಹ್ನ ತಂದುಕೊಟ್ಟರೆ ಮೇಲು. ನಮ್ಮ ಪಕ್ಕದ ಬೀದಿಯ ಶಾಂತಕ್ಕ ಒಬ್ಬರೇ ಹಾಗೆ ಮಾಡಿದ್ದು. ಬಂದು ಅತ್ತೆಯ ಅಂಗೈಗೆ ಕೊಬ್ಬರಿಎಣ್ಣೆ ತಿಕ್ಕುತ್ತಾ ಹಸೆಹಾಡು ಗುನುಗುತ್ತಿದ್ದರು. ನಾನು ಎರಡು ಗಂಟೆ ಗೊರಕೆ ಹೊಡೆಯುತ್ತಿದ್ದೆ.

ಅತ್ತೆ ಹೋದ ಮೇಲೆ ನಾನೂ ನನ್ನವರೂ ಒಂದು ಕಾಗದ ಮಾಡಿಸಲು ಹೊರಟೆವು. ವಾಸಿಯಾಗದ ಹಂತದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಬುದ್ಧಿ ನೆಟ್ಟಗಿರುವಾಗಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ಕ್ರಮವನ್ನು ಸರಳ ಮಾಡಿತು. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಮರೆವು ಕವಿದ ಮೇಲೆ ಬರೆಯಲಾಗದು. ಇಬ್ಬರು ಸಾಕ್ಷಿಗಳು, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ಸಹಿ, ಇಷ್ಟೇ. ‘ಮೂಗಿಗೆ ನಳಿಗೆ ಬೇಡ’ ಎಂದು ನಾನು ಬರೆದೆ. ನಿರ್ಧಾರ ಮಾಡುವವರ ಹೆಸರಿನ ಜಾಗದಲ್ಲಿ ನನ್ನವರು ತಮ್ಮ ತಂಗಿಯ ಹೆಸರು ಬರೆದರು. ಯಾಕೆಂದು ಕೇಳಿದರೆ, “ನೀನು ಆಗ ಸುಸ್ತಾಗಿರ್ತೀಯ” ಅಂದರು. ಸಾಕ್ಷಿ ಹಾಕಲು ಎದುರುಮನೆ ರಾಯರನ್ನು ಕರೆದೆವು. ಅವರು ಕನ್ನಡಕ ಏರಿಸಿ ಎರಡು ಸಲ ಓದಿ, ಪೆನ್ನಿನ ಮುಚ್ಚಳ ಹಾಕಿ ಎದ್ದರು. “ಇಂಥದ್ದಕ್ಕೆಲ್ಲ ಈಗ ಬೇಡಮ್ಮ,” ಅಂದರು, “ಆಷಾಢ ಕಳೀಲಿ.”