ಎಂಟನೇ ಸಿಪಾಯಿ

ಮೂರನೇ ಕ್ಲಾಸಲ್ಲಿದ್ದಾಗ ಅಜ್ಜಿಯ ದಸರಾ ಗೊಂಬೆ ಸಾಲಿನಿಂದ ಒಬ್ಬ ಮಣ್ಣಿನ ಸಿಪಾಯಿಯನ್ನ ಬೀಳಿಸಿ ಒಡೆದಿದ್ದೆ. ಎಂಟು ಜನರ ಸೆಟ್ಟು, ಅವತ್ತಿಂದ ಏಳೇ. ಅಜ್ಜಿ ಬೈಯಲಿಲ್ಲ. ಆದ್ರೆ ಪ್ರತಿ ವರ್ಷ ಅವನ ಜಾಗ ಖಾಲಿ ಬಿಟ್ಟೇ ಜೋಡಿಸ್ತಾರೆ. ಬೈದಿದ್ರೇ ವಾಸಿ ಇತ್ತು.

ಈ ಸಲ ಸೆಮ್ ರಜೆಯಲ್ಲಿ ಎಂಟನೆಯವನನ್ನ ಲೋಹದಲ್ಲಿ ಮಾಡೋಣ ಅಂತ ಹೊರಟೆ. ಉಳಿದವರಲ್ಲಿ ಒಬ್ಬನನ್ನ ಕ್ಲೇನಲ್ಲಿ ಅರ್ಧ ಹೂತು, ಸುತ್ತ ರಟ್ಟಿನ ಗೋಡೆ ಕಟ್ಟಿ, ಮೇಲೆ ಸಿಲಿಕೋನ್ ರಬ್ಬರ್ ಸುರಿದೆ. ಮಾರನೇ ದಿನ ತಿರುಗಿಸಿ, ಕ್ಲೇ ತೆಗೆದು, ರಬ್ಬರಿಗೆ ವ್ಯಾಸಲಿನ್ ಸವರಿ ಇನ್ನರ್ಧ ಸುರಿದೆ. ವ್ಯಾಸಲಿನ್ ಮರೆತರೆ ಎರಡೂ ಭಾಗ ಅಂಟಿಕೊಂಡು ಸಿಪಾಯಿ ಒಳಗೇ ಬಂದಿ!

"ಏನೋ ಇದು?" ಅಂದ್ರು ಅಜ್ಜಿ.

"ಟೂ-ಪಾರ್ಟ್ ಮೋಲ್ಡ್ ಅಜ್ಜಿ. ಮೆಟಲ್ ಕಾಸ್ಟ್ ಮಾಡ್ತೀನಿ."

ಅಜ್ಜಿ ಒಳಗೆ ಹೋಗಿ ಸಂಕ್ರಾಂತಿಯ ಮರದ ಸಕ್ಕರೆ ಅಚ್ಚು ತಂದು ಪಕ್ಕದಲ್ಲಿಟ್ಟರು. "ಅಚ್ಚು ಅನ್ನು. ಎರಕ ಹೊಯ್ತೀನಿ ಅನ್ನು."

ನೋಡಿದ್ರೆ ಅದೂ ಟೂ-ಪಾರ್ಟೇ! ಎರಡು ಹೋಳು, ಸುರಿಯೋಕೆ ಒಂದು ತೂತು. ವ್ಯತ್ಯಾಸ ಇಷ್ಟೇ: ಮರ ಬಗ್ಗಲ್ಲ, ಆದ್ದರಿಂದ ಸಕ್ಕರೆ ಗಿಣಿ ಸರಳವಾಗಿರಬೇಕು. ರಬ್ಬರ್ ಬಗ್ಗುತ್ತೆ, ಕಂಕುಳಲ್ಲಿ ಬಂದೂಕು ಸಿಕ್ಕಿಸಿಕೊಂಡ ಸಿಪಾಯಿಯೂ ಹೊರಗೆ ಬರ್ತಾನೆ.

"ಹೊಯ್ಯೋ ಮುಂಚೆ ಅಚ್ಚನ್ನ ನೀರಲ್ಲಿ ನೆನೆಸು, ಇಲ್ದಿದ್ರೆ ಅಂಟತ್ತೆ" ಅಂದ್ರು. ಸಕ್ಕರೆ ಪಾಕಕ್ಕೆ ಅದು ಸರಿ. ನಾನು ಕರಗಿಸ್ತಿದ್ದದ್ದು ಸೀಸವಿಲ್ಲದ ಸೋಲ್ಡರ್ ಬಾರ್: ಶೇ. 99.3 ತವರ, ಉಳಿದದ್ದು ತಾಮ್ರ, 227 ಡಿಗ್ರಿಗೆ ಕರಗುತ್ತೆ. ನಾನೇನೂ ನೆನೆಸಲಿಲ್ಲ. ಆದ್ರೆ ಅಚ್ಚನ್ನ ತೊಳೆದು, ಬಟ್ಟೇಲಿ ಒರೆಸಿ, ಅರ್ಜೆಂಟಲ್ಲಿ ಸುರಿದುಬಿಟ್ಟೆ. ಬಂದೂಕಿನ ಸಂದಿಯಲ್ಲಿ ಒಂದು ಹನಿ ಉಳಿದಿತ್ತು. ಅದು ಆವಿಯಾಗಿ ಪಟ್ ಅಂತ ತವರ ಚಿಮ್ಮಿ ಮಣಿಕಟ್ಟಿಗೆ ಬಿತ್ತು.

ಎರಡು ದಿನ ಫುಲ್ ತೋಳಿನ ಶರ್ಟ್ ಹಾಕಿಕೊಂಡು ಓಡಾಡಿದೆ. ಊಟಕ್ಕೆ ಕೂತಾಗ ಅಜ್ಜಿ ಬೊಬ್ಬೆ ನೋಡಿಬಿಟ್ಟರು. ಕಣ್ಣಲ್ಲಿ ನೀರು. "ನಾನೇ ನೆನೆಸು ಅಂದೆನಲ್ಲೋ ಮಗಾ."

ಹತ್ತು ವರ್ಷ ಆ ಖಾಲಿ ಜಾಗ ನೋಡಿ ನನಗಾಗ್ತಿದ್ದದ್ದು, ಈಗ ಅವರಿಗೆ ಆಗ್ತಿತ್ತು. "ನಿಮ್ಮ ಮಾತು ನಾನು ಕೇಳೇ ಇಲ್ಲ ಅಜ್ಜಿ. ತೊಳೆದು ಒಣಗಿಸಲಿಲ್ಲ, ಅಷ್ಟೇ" ಅಂದೆ. ಮಾತು ಬಂದಾಯ್ತಲ್ಲ ಅಂತ ಖಾಲಿ ಜಾಗದ ವಿಷಯಾನೂ ಕೇಳಿಬಿಟ್ಟೆ.

ಅಜ್ಜಿ ಅರ್ಧ ನಿಮಿಷ ನನ್ನನ್ನೇ ನೋಡಿದರು. "ಅದು ದೀಪ ಹಚ್ಚೋಕೆ ಕೈ ಹೋಗ್ಲಿ ಅಂತ ಬಿಡೋದು ಕಣೋ!"

ಎರಡನೇ ಸಲ ಅಚ್ಚನ್ನ ಪೂರ್ತಿ ಒಣಗಿಸಿದೆ. ಗಾಳಿ ಹೋಗೋಕೆ ಬಂದೂಕಿನ ತುದಿಯಿಂದ ಸಣ್ಣ ದಾರಿ ಕೊರೆದೆ, ತವರ ಮೂಲೆಮೂಲೆಗೂ ಹರೀಲಿ ಅಂತ ಒಳಗೆ ಟಾಲ್ಕಮ್ ಪೌಡರ್ ಉದುರಿಸಿದೆ. ಗ್ಲೌಸು, ಗಾಗಲ್ಸು ಹಾಕ್ಕೊಂಡೆ. ಈ ಸಲ ಸಿಪಾಯಿ ಬಂದ, ಬಂದೂಕಿನ ಸಮೇತ.

ದಸರಾದಲ್ಲಿ ಅಜ್ಜಿ ಅವನನ್ನ ಸಾಲಿನ ಕೊನೆಗೆ ನಿಲ್ಲಿಸಿದರು. ನಡುವಿನ ಜಾಗ ಹಾಗೇ ಖಾಲಿ ಇದೆ.