ಕುದುರೆಯ ಹೊರಗೆ ಬೆರಳು

ಅಪ್ಪ ತೀರಿಕೊಂಡ ಮೇಲೆ ಅವರ ತೋಟೆಕೋವಿ ಠಾಣೆ ಸೇರಿತು. ಪುಣೆಯ ಕೆಲಸ ಬಿಟ್ಟು ಮಲೆನಾಡಿನ ಒಂಟಿಮನೆಗೆ ಮರಳಿದ ಮಗಳು ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಹೊರಟಳು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿಗೆ ಮೊದಲು ಸುರಕ್ಷತಾ ತರಬೇತಿ ಆಗಬೇಕು.

ಮೊದಲ ದಿನ ತೋಟೆಯನ್ನೇ ಕೊಡಲಿಲ್ಲ. ಕೋವಿ ಮಡಚಿ ನಳಿಗೆಯೊಳಗೆ ಕಣ್ಣಿಟ್ಟು ನೋಡಬೇಕು, ಬೆರಳಿಟ್ಟು ನೋಡಬೇಕು. ಖಾಲಿ ಎಂದು ಗೊತ್ತಾದ ಮೇಲೂ ತುಂಬಿದೆ ಎಂದೇ ಹಿಡಿಯಬೇಕು. ಬೆರಳು ಕುದುರೆಯ ಹೊರಗೇ ಇರಬೇಕು. ನಳಿಗೆಗೆ ಸರಿಹೊಂದುವ ಸೀಸದ ಗುಂಡು 12 ಸೇರಿದರೆ ಒಂದು ಪೌಂಡ್ ತೂಗುತ್ತದೆ, ಅದಕ್ಕೇ 12 ಬೋರ್ ಎನ್ನುವುದು ಎಂದು ಅಲ್ಲೇ ತಿಳಿಯಿತು.

ಎರಡನೆಯ ದಿನ ಹಾರಿಸಿದಳು. ಗಟ್ಟಿಯಾಗಿ ಒತ್ತಿ ಹಿಡಿಯದ್ದಕ್ಕೆ ಭುಜ ನೀಲಿಗಟ್ಟಿತು.

"ರಾತ್ರಿ ಯಾರಾದರೂ ಬಾಗಿಲು ಬಡಿದರೆ ಏನು ಮಾಡೋದು ಸರ್?"

"ದೀಪ ಹಾಕಿ, ಯಾರು ಅಂತ ಕೇಳಿ. ಕಾಣದ್ದಕ್ಕೆ ಗುರಿ ಇಡಬಾರದಮ್ಮ."

ಹಿಂದಿನ ತಿಂಗಳು ಮಳೆಯ ರಾತ್ರಿಯಲ್ಲಿ ಬಾಗಿಲು ಬಡಿದವನು ಲೈನ್‌ಮನೆಯ ಹುಡುಗ. ಅಮ್ಮನಿಗೆ ಜ್ವರವೆಂದು ಮಾತ್ರೆ ಕೇಳಲು ಬಂದಿದ್ದ. ಕತ್ತಿ ಹಿಡಿದೇ ಬಾಗಿಲು ತೆಗೆದಿದ್ದಳು.

ಅರ್ಜಿಯನ್ನೇನೂ ಹಿಂತೆಗೆದುಕೊಳ್ಳಲಿಲ್ಲ. ಊರಿಗೆ ಮರಳುವಾಗ ಅಂಗಳಕ್ಕೊಂದು ದೊಡ್ಡ ದೀಪ ಕೊಂಡಳು.