ಜೂಲಿಯಾ ಬೀಳಿಸಿದ ಆಲೂಗಡ್ಡೆ

ಮನೆಯಾಕೆಗೆ ಬೇರೆ ಊರಿಗೆ ವರ್ಗವಾದಂದಿನಿಂದ ರಾತ್ರಿಯೂಟಕ್ಕೆ ನನಗೆ ಇಬ್ಬರು ಜೊತೆ. ಟೆಲಿವಿಷನ್ನಿನಲ್ಲಿ ಅಡಿಗೆ ಕಲಿಸಿದ ಅಮೆರಿಕದ ಜೂಲಿಯಾ ಚೈಲ್ಡ್. ಫ್ರಾನ್ಸಿನಿಂದ ಹೋಗಿ ಅಲ್ಲಿಯೇ ನೆಲೆಸಿದ ಜಾಕ್ ಪೆಪಾನ್. ಅವರು ಮಾಡುವುದರಲ್ಲಿ ಮುಕ್ಕಾಲು ಪಾಲು ನಾನು ತಿನ್ನುವಂಥದಲ್ಲ. ನೋಡುವುದಕ್ಕೆ ಮಡಿಯೇನು?

ಪೆಪಾನರ ಕೈ ನೋಡಬೇಕು. ಎಡಗೈ ಬಾಣಲೆಯನ್ನು ಅಲುಗಿಸುತ್ತಿರುವಾಗಲೇ ಬಲಗೈ ಮುಳ್ಳುಚಮಚದಿಂದ ಮೊಟ್ಟೆಯನ್ನು ಕದಡುತ್ತದೆ; ಎಲ್ಲಿಯೂ ಕೆಂಪಗಾಗದ ಆಮ್ಲೆಟ್ಟು ಸುರುಳಿಯಾಗಿ ತಟ್ಟೆಗೆ ಉರುಳುತ್ತದೆ. ದ ಗಾಲ್ ಅವರಿಗೆ ಅಡಿಗೆ ಮಾಡಿ ಬಡಿಸಿದ ಕೈ ಅದು. ಕಂಡು ಕೈಮುಗಿಯುತ್ತೇನೆ, ಎದ್ದು ಒಲೆ ಹಚ್ಚುವ ಧೈರ್ಯ ಮಾತ್ರ ಬರುವುದಿಲ್ಲ.

1963ರಲ್ಲಿ ‘ದ ಫ್ರೆಂಚ್ ಷೆಫ್’ ತೊಡಗಿದಾಗ ಜೂಲಿಯಾಗೆ ಐವತ್ತು ವರ್ಷ. ಆರಡಿ ಮೀರಿದ ಎತ್ತರ, ಏರಿ ಇಳಿಯುವ ದನಿ. ಒಮ್ಮೆ ಆಲೂಗಡ್ಡೆಯ ದೋಸೆಯಂಥದೊಂದನ್ನು ಬಾಣಲೆಯಿಂದ ಚಿಮ್ಮಿಸಿ ಮಗುಚಹೋದರು. ಒಂದಿಷ್ಟು ಒಲೆಯ ಮೇಲೆ ಬಿತ್ತು. (ನೆಲಕ್ಕೆ ಬಿದ್ದದ್ದು ಕೋಳಿಯೆಂದು ಜನ ಕಥೆ ಕಟ್ಟಿದ್ದಾರೆ.) ಆಕೆ ಬಿದ್ದದ್ದನ್ನು ಬಾಚಿ ಬಾಣಲೆಗೆ ಹಾಕಿ, ಅಡಿಗೆಮನೆಯಲ್ಲಿ ಒಬ್ಬರೇ ಇರುವಾಗ ನೋಡುವವರು ಯಾರು ಎಂದುಬಿಟ್ಟರು! ಅನ್ನ ಸಾರು ದಾಟದ ನಾನು ಆ ರಾತ್ರಿಯೇ ಅಕ್ಕಿರೊಟ್ಟಿ ತಟ್ಟಿದೆ.

ಹಳಗನ್ನಡ ಪದ್ಯವನ್ನು ನಿರರ್ಗಳವಾಗಿ ಬಿಡಿಸಿದ ದಿನ ಹುಡುಗರು ತಲೆದೂಗುತ್ತಾರೆ; ಪದವೊಂದಕ್ಕೆ ತಡೆದು ನಿಘಂಟು ತೆರೆದ ದಿನ ತಾವೂ ಅರ್ಥ ಹೇಳಲು ಬಾಯಿ ತೆರೆಯುತ್ತಾರೆ. ಮೇಷ್ಟರ ಮತ ಜೂಲಿಯಾಗೇ.

1999ರಲ್ಲಿ ಇಬ್ಬರೂ ಒಂದೇ ಒಲೆಯ ಮುಂದೆ ನಿಂತರು. ಆಕೆಗೆ ಬಿಳಿ ಮೆಣಸು, ಈತನಿಗೆ ಕರಿ ಮೆಣಸು. ಎರಡೂ ಒಂದೇ ಬಳ್ಳಿಯವು. ಕಾಯನ್ನೇ ಒಣಗಿಸಿದರೆ ಕರಿದು, ಹಣ್ಣಿನ ಸಿಪ್ಪೆ ತೆಗೆದರೆ ಬಿಳಿದು. ಆದರೂ ಜಗಳ ಮುಗಿಯಲಿಲ್ಲ. ನಮ್ಮ ಡಬ್ಬಿಯಲ್ಲಿರುವುದು ಕರಿದು. ಇದೊಂದರಲ್ಲಿ ನಾನು ಪೆಪಾನರ ಕಡೆ.